ಕಲ್ಲೂ ಬೇಕು, ಹೊಲವೂ ಬೇಕು

ಮಕ್ಕಳೇ,

ಜನವರಿ 14ರಂದು ಊರಿನ ಮಾಜಿ ಸೈನಿಕರಿಗೆ ಸನ್ಮಾನ ಮಾಡುತ್ತೇವೆ, ಹೇಗೆ ಮಾಡಿದರೆ ಚೆನ್ನ ಎಂದು ಕೇಳಿಕೊಂಡು ಬಂದಿದ್ದಿರಿ. ಶಾಲಿಗೆ ಎಷ್ಟು, ಹಣ್ಣಿನ ಬುಟ್ಟಿಗೆ ಎಷ್ಟು, ಫ್ಲೆಕ್ಸಿಗೆ ಎಷ್ಟು ಎಂಬ ಲೆಕ್ಕದ ಚೀಟಿಯನ್ನೂ ತೋರಿಸಿದಿರಿ. ಎದುರಿಗೆ ಕೂತು ಹೇಳಿದರೆ ಮುದುಕ ಬೈದ ಅಂದುಕೊಳ್ಳುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಸೈನ್ಯದಲ್ಲಿ ಬಂದೂಕಿಗಿಂತ ಟೈಪ್‌ರೈಟರ್ ಹಿಡಿದದ್ದೇ ಹೆಚ್ಚು, ಹವಾಲ್ದಾರ್ ಕ್ಲರ್ಕ್ ಆಗಿದ್ದವನು. ಆದ್ದರಿಂದ ಈ ಪತ್ರದಲ್ಲಿ ಶೌರ್ಯದ ಕಥೆ ಕಡಿಮೆ, ಕಾಗದದ ವಿಚಾರ ಜಾಸ್ತಿ. ಸಹಿಸಿಕೊಳ್ಳಿ.

ಮೊದಲು ದಿನದ ವಿಚಾರ. ಜನವರಿ 15 ಸೇನಾ ದಿನ ಎಂಬುದು ನಿಮಗೆಲ್ಲ ಗೊತ್ತು. 1949ರ ಆ ದಿನ ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ದೆಹಲಿಯಲ್ಲೇ ನಡೆಯುತ್ತಿದ್ದ ಸೇನಾ ದಿನದ ಪರೇಡ್ 2023ರಲ್ಲಿ ಮೊದಲ ಸಲ ಹೊರಗೆ ಬಂದಾಗ ಬೆಂಗಳೂರಿಗೇ ಬಂತು, ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಕೇಂದ್ರದ ಮೈದಾನಕ್ಕೆ. ನಿಮ್ಮಲ್ಲಿ ಕೆಲವರು ಟಿವಿಯಲ್ಲಿ ನೋಡಿರಬಹುದು. ಸೇನಾ ದಿನದ ಹಿಂದಿನ ದಿನ, ಜನವರಿ 14, ಮಾಜಿ ಸೈನಿಕರ ದಿನ. ಆ ತಾರೀಖನ್ನು ಆರಿಸಿದ್ದೂ ಕಾರ್ಯಪ್ಪನವರ ಕಾರಣಕ್ಕೇ. 1953ರ ಜನವರಿ 14ರಂದು ಅವರು ನಿವೃತ್ತರಾದರು. ಸರ್ಕಾರ ಈ ದಿನವನ್ನು ಮಾಜಿ ಸೈನಿಕರ ಹೆಸರಿಗೆ ಬರೆದದ್ದು ತೀರ ಈಚೆಗೆ, ಕಳೆದ ದಶಕದ ನಡುವಿನಲ್ಲಿ. ಸಂಕ್ರಾಂತಿ ಅದೇ ಹೊತ್ತಿಗೆ ಬರುತ್ತದೆ, ಶಾಲೆಗೂ ಕಚೇರಿಗೂ ರಜೆ. ಹೀಗಾಗಿ ಆಚರಿಸುವವರೂ ಮಾಜಿ ಸೈನಿಕರೇ, ನೋಡುವವರೂ ಮಾಜಿ ಸೈನಿಕರೇ. ಅಧಿಕಾರ ಹಿಡಿದ ದಿನ ಎಲ್ಲರಿಗೂ ಗೊತ್ತು, ಬಿಟ್ಟುಕೊಟ್ಟ ದಿನ ಯಾರಿಗೂ ಗೊತ್ತಿಲ್ಲ.

ನಿವೃತ್ತಿಯಾದಾಗ ಕಾರ್ಯಪ್ಪನವರಿಗೆ ಇನ್ನೂ 54 ತುಂಬಿರಲಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೈಕಮಿಷನರ್ ಆಗಿ ಹೋಗಿ 1956ರವರೆಗೆ ಇದ್ದರು, ಬಂದು ಮಡಿಕೇರಿಯ ರೋಶನಾರಾ ಎಂಬ ಮನೆಯಲ್ಲಿ ನೆಲೆಸಿದರು. ಅವರ ಬಗ್ಗೆ ಎಲ್ಲರೂ ಹೇಳುವ ಕಥೆ 1965ರದ್ದು. ವಾಯುಪಡೆಯಲ್ಲಿದ್ದ ಮಗ ಯುದ್ಧದ ಕೊನೆಯ ದಿನಗಳಲ್ಲಿ ಪಾಕಿಸ್ತಾನದಲ್ಲಿ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಆ ಕಡೆಯಿಂದ ರಿಯಾಯಿತಿಯ ಮಾತು ಬಂತು. ಸೆರೆಯಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಒಬ್ಬನಿಗೆ ಬೇರೆ ಉಪಚಾರ ಬೇಡ ಎಂದು ಅಪ್ಪ ನಿರಾಕರಿಸಿದರು. ಕಥೆ ನಿಜವೇ, ಭಾಷಣಕ್ಕೂ ಒದಗುತ್ತದೆ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಿಂದಿನ ವರ್ಷದ್ದು, ಭಾಷಣದಲ್ಲಿ ಯಾರೂ ಎತ್ತದ್ದು. 1964ರಲ್ಲಿ ಅವರು ಇಂಡಿಯನ್ ಎಕ್ಸ್‌-ಸರ್ವಿಸಸ್ ಲೀಗ್ ಎಂಬ ಮಾಜಿ ಸೈನಿಕರ ಸಂಘಟನೆಯನ್ನು ಕಟ್ಟಿದರು. ನಿವೃತ್ತ ಸಿಪಾಯಿಯ ಪಿಂಚಣಿ, ನೌಕರಿ, ವಿಧವೆಯರ ಅರ್ಜಿ, ಇಂಥ ಒಣ ವಿಷಯಗಳಿಗಾಗಿ ಒಂದು ಸಂಘ. ಮಹಾದಂಡನಾಯಕನಾಗಿದ್ದವನು ಮಾಡಬೇಕಾದ ಕೆಲಸವೇ ಅದು ಎಂದು ಅನ್ನಿಸುವುದು ಕಷ್ಟ. ಅವರಿಗೆ ಅನ್ನಿಸಿತು.

ಇಲ್ಲಿ ಒಂದು ತಮಾಷೆಯೂ ಇದೆ. 1986ರಲ್ಲಿ, 87ನೇ ವಯಸ್ಸಿನಲ್ಲಿ, ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟರು. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿಯೆಂಬುದಿಲ್ಲ, ಕೊನೆಯ ಉಸಿರಿನವರೆಗೂ ಸೇವೆಯಲ್ಲಿರುವವನೆಂದೇ ಲೆಕ್ಕ. ಯಾರ ನಿವೃತ್ತಿಯ ದಿನವನ್ನು ನಾವು ನಿವೃತ್ತರ ದಿನವೆಂದು ಆಚರಿಸುತ್ತೇವೋ ಅವರು 1993ರ ಮೇ 15ರಂದು ತೀರಿಕೊಂಡಾಗ ದಾಖಲೆಯ ಪ್ರಕಾರ ನಿವೃತ್ತರೇ ಆಗಿರಲಿಲ್ಲ!

ಇನ್ನು ಹಿಂದಕ್ಕೆ ಹೋಗೋಣ. ನೆನಪಿನ ದಿನ ಎಂಬ ಈ ಪದ್ಧತಿ ಬಂದದ್ದು ಮೊದಲನೇ ಮಹಾಯುದ್ಧದಿಂದ. 1918ರ ನವೆಂಬರ್ 11ರ ಬೆಳಗಿನ ಜಾವ ಫ್ರಾನ್ಸಿನ ಕೊಂಪಿಯೇನ್ ಕಾಡಿನಲ್ಲಿ ನಿಂತಿದ್ದ ಒಂದು ರೈಲುಬೋಗಿಯಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು, ಹನ್ನೊಂದು ಗಂಟೆಗೆ ತೋಪುಗಳು ನಿಂತವು. ಮುಂದಿನ ವರ್ಷ ಅದೇ ದಿನ, ಅದೇ ಗಂಟೆಗೆ ಎರಡು ನಿಮಿಷ ಎಲ್ಲರೂ ಮೌನವಾಗಿರಬೇಕೆಂದು ಐದನೇ ಜಾರ್ಜ್ ದೊರೆ ಕೇಳಿಕೊಂಡ. ಆ ಮೌನದ ಸಲಹೆ ಬಂದದ್ದು ದಕ್ಷಿಣ ಆಫ್ರಿಕಾದಿಂದ. ಕೇಪ್‌ಟೌನಿನಲ್ಲಿ ಯುದ್ಧ ನಡೆಯುತ್ತಿದ್ದಾಗಲೇ ಮಧ್ಯಾಹ್ನದ ತೋಪು ಹಾರಿದೊಡನೆ ಊರು ನಿಂತಲ್ಲೇ ನಿಲ್ಲುವ ವಾಡಿಕೆ ಇತ್ತು. ಮಗನನ್ನು ಯುದ್ಧದಲ್ಲಿ ಕಳೆದುಕೊಂಡಿದ್ದ ಪರ್ಸಿ ಫಿಟ್ಸ್‌ಪ್ಯಾಟ್ರಿಕ್ ಎಂಬಾತ ಅದನ್ನು ಲಂಡನ್ನಿಗೆ ತಿಳಿಸಿದ. 1921ರಿಂದ ಬ್ರಿಟನ್ನಿನಲ್ಲಿ ಕೆಂಪು ಪಾಪಿ ಹೂವು ಮಾರತೊಡಗಿದರು. ಕಾಗದದ, ಬಟ್ಟೆಯ ಹೂವು. ಕೋಟಿಗೆ ಸಿಕ್ಕಿಸಿಕೊಂಡು ಡಬ್ಬಿಗೆ ದುಡ್ಡು ಹಾಕಬೇಕು. ಆ ದುಡ್ಡು ಕೈಕಾಲು ಕಳೆದುಕೊಂಡು ಬಂದವರಿಗೆ, ಕೆಲಸವಿಲ್ಲದವರಿಗೆ, ವಿಧವೆಯರಿಗೆ. ಗಮನಿಸಿ, ಮೌನ ಬಂದು ಎರಡೇ ವರ್ಷಕ್ಕೆ ಡಬ್ಬಿ ಬಂತು. ಮೌನದಿಂದ ಹೊಟ್ಟೆ ತುಂಬುವುದಿಲ್ಲವೆಂದು ಆ ಜನಕ್ಕೆ ಬೇಗ ಅರ್ಥವಾಯಿತು.

ಆ ಡಬ್ಬಿ ನಮ್ಮ ದೇಶಕ್ಕೂ ಬಂತು. ಬ್ರಿಟಿಷರ ಕಾಲದಲ್ಲಿ ಇಲ್ಲಿಯೂ ನವೆಂಬರ್ 11ಕ್ಕೆ ಪಾಪಿ ದಿನ ನಡೆಯುತ್ತಿತ್ತು. ಅದು ತಪ್ಪೇನಲ್ಲ, ಆ ಯುದ್ಧಕ್ಕೆ ಹೋದ ಭಾರತೀಯರು 13 ಲಕ್ಷದ ಮೇಲೆ, ಸತ್ತವರು 74 ಸಾವಿರದ ಮೇಲೆ. ಆದರೆ ಇಲ್ಲಿ ಕೂಡಿದ ಹಣ ಇಲ್ಲಿಯ ಸಿಪಾಯಿಗೇ ಸೇರಬೇಕೆಂಬ ಕಟ್ಟುಪಾಡು ಇರಲಿಲ್ಲ, ಬ್ರಿಟಿಷ್ ಮಾಜಿ ಸೈನಿಕರಿಗೂ ಹೋಗುತ್ತಿತ್ತು. ಪಕ್ಕದ ಸಿಂಹಳದಲ್ಲಿ ಈ ವಿಚಾರಕ್ಕೇ 1930ರ ದಶಕದಲ್ಲಿ ಚಳವಳಿ ನಡೆಯಿತು. ಪಾಪಿ ಬೇಡ, ನಮ್ಮದೇ ಸೂರಿಯ ಹೂವು ಮುಡಿಯುತ್ತೇವೆ ಎಂದು ಅಲ್ಲಿಯ ಯುವಕರು ನವೆಂಬರ್ 11ಕ್ಕೇ ಎದುರು ಮಾರಾಟಕ್ಕೆ ನಿಂತರು. ನಾವು ಸ್ವಾತಂತ್ರ್ಯ ಬರುವವರೆಗೆ ಕಾದೆವು. 1949ರ ಆಗಸ್ಟ್ 28ರಂದು ರಕ್ಷಣಾ ಸಚಿವರ ಕೆಳಗಿನ ಸಮಿತಿಯೊಂದು ಪ್ರತಿವರ್ಷ ಡಿಸೆಂಬರ್ 7ರಂದು ಧ್ವಜ ದಿನ ಆಚರಿಸಬೇಕೆಂದು ತೀರ್ಮಾನಿಸಿತು. ಪಾಪಿಯ ಜಾಗಕ್ಕೆ ಪುಟ್ಟ ಕಾಗದದ ಬಾವುಟ: ಕೆಂಪು, ಕಡುನೀಲಿ, ತಿಳಿನೀಲಿ. ಭೂಸೇನೆ, ನೌಕಾಪಡೆ, ವಾಯುಪಡೆ. ನಿಮ್ಮ ಶಾಲೆಯಲ್ಲಿ ಗುಂಡುಸೂಜಿ ಚುಚ್ಚಿ ಕೊಟ್ಟು ದುಡ್ಡು ತರಲು ಹೇಳುತ್ತಿದ್ದರಲ್ಲ, ಅದೇ. ಅದನ್ನು ಏಕೆ ಕೊಡುತ್ತಾರೆಂದು ಮೇಷ್ಟರೂ ಹೇಳಲಿಲ್ಲ, ನೀವೂ ಕೇಳಲಿಲ್ಲ.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಈ ದಿನಗಳ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಮೆರವಣಿಗೆಯಲ್ಲ, ಹಣದ ಡಬ್ಬಿ. ಇದು ಪರದೇಶದಿಂದ ಕಲಿತ ಬುದ್ಧಿ ಅಂದುಕೊಳ್ಳಬೇಡಿ. ನಮ್ಮ ಕನ್ನಡನಾಡಿನಲ್ಲಿ ಇದು ಸಾವಿರ ವರ್ಷದ ಹಿಂದೆಯೇ ಇತ್ತು, ಇನ್ನೂ ಗಟ್ಟಿಯಾಗಿ ಇತ್ತು.

ನಮ್ಮೂರ ಕೆರೆ ಏರಿಯ ಮೇಲೆ ವೀರಗಲ್ಲು ಇದೆಯಲ್ಲ, ನೀವು ಕ್ರಿಕೆಟ್ ಆಡುವಾಗ ಅಂಗಿ ಕಳಚಿ ಹಾಕುವ ಕಲ್ಲು. ಮೂರು ಹಂತದಲ್ಲಿ ಕೆತ್ತಿದ್ದಾರೆ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ಇಷ್ಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಬೀಳದೇ ಇರುವುದು ಶಾಸನದ ಕೊನೆಯ ಸಾಲುಗಳು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಬೇಗೂರಿನಿಂದ ತಂದ ಒಂದು ದೊಡ್ಡ ವೀರಗಲ್ಲು ನೋಡಿ. ಗಂಗರ ಕಾಲದ್ದು. ಆನೆ, ಕುದುರೆ, ಬಿದ್ದವರು, ಬಿಲ್ಲೆತ್ತಿದವರು, ಕಲ್ಲಿನಲ್ಲಿ ಕಾಲಿಡಲು ಜಾಗವಿಲ್ಲ. ವೀರಮಹೇಂದ್ರ ಎಂಬಾತನ ವಿರುದ್ಧ ತುಂಬೆಪಾಡಿಯಲ್ಲಿ ಹೋರಾಡಿ ಸತ್ತ ನಾಗತ್ತರನದು. ಅವನು ಸತ್ತ, ಸ್ವರ್ಗಕ್ಕೆ ಹೋದ, ಅಲ್ಲಿಗೆ ಮುಗಿಯಲಿಲ್ಲ. ಗಂಗರ ದೊರೆ ಎರೆಯಪ್ಪ ಇರುಗ ಎಂಬಾತನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ, ಅಂದರೆ ಸತ್ತ ವೀರನ ನೆನಪಿಗೆ ಬಿಡುವ ಭೂಮಿಯಾಗಿ, ಬಿಟ್ಟುಕೊಟ್ಟ. ಹನ್ನೆರಡು ಊರುಗಳ ಹೆಸರನ್ನೂ ಆ ಕಲ್ಲಿನ ಮೇಲೇ ಬರೆಸಿದ. ಯಾವ ಊರು ಎಂದು ನಾಳೆ ಯಾರೂ ತಕರಾರು ತೆಗೆಯಬಾರದಲ್ಲ! ಕ್ಲರ್ಕ್ ಆಗಿದ್ದ ನನಗೆ ಆ ಪಟ್ಟಿಯನ್ನು ಕಂಡರೆ ಕೈಮುಗಿಯಬೇಕೆನ್ನಿಸುತ್ತದೆ.

ಇದು ದೊಡ್ಡ ಸಾಮಂತರಿಗೆ ಮಾತ್ರ ಅಂದುಕೊಳ್ಳಬೇಡಿ. ತುರು ಕಾಯುವಾಗ ಸತ್ತವನಿಗೆ, ಊರಿನ ಹೆಂಗಸರ ಮಾನ ಉಳಿಸಲು ಹೋಗಿ ಬಿದ್ದವನಿಗೆ ಊರೇ ಕಲ್ಲು ನಿಲ್ಲಿಸುತ್ತಿತ್ತು. ಅವನ ಮನೆಯವರಿಗೆ ನೆತ್ತರುಗೊಡಗೆ ಎಂದು ಗದ್ದೆಯನ್ನೋ ಬೆದ್ದಲನ್ನೋ ಬಿಡುತ್ತಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಂತೂ ಹತ್ತನೇ ಶತಮಾನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದರು. ಅದರ ಪೂಜೆಗೂ ಭೂಮಿ ಬಿಟ್ಟರು, ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ಬರಲಿ ಎಂದೂ ಬರೆದರು. ಕಲ್ಲು ಊರಿನ ಅಭಿಮಾನಕ್ಕೆ, ಹೊಲ ಮನೆಯವರ ಬದುಕಿಗೆ. ಎರಡನ್ನೂ ಒಂದೇ ದಿನ, ಒಂದೇ ಕೈಯಿಂದ ಕೊಡುತ್ತಿದ್ದರು. ನಾವು ಕಲ್ಲನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಕಲ್ಲು ನಮ್ಮಲ್ಲಿ ಬೇಕಾದಷ್ಟಿವೆ ಈಗ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿಯ ಏಕಶಿಲೆಯ ವೀರಗಲ್ಲನ್ನೇ ನಿಲ್ಲಿಸಿದ್ದಾರೆ. ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಯನ್ನು ಕೂಡುವಲ್ಲಿ ಮದ್ರಾಸ್ ಪಯೋನಿಯರ್ಸ್ ಪಡೆಯವರ ಸ್ಮಾರಕಸ್ತಂಭ ಇದೆ, ಅದರ ಮುಂದೆ ನಿಂತು ಆಟೊಗೆ ಕಾಯುತ್ತಾರೆ. ಮುನಿರೆಡ್ಡಿಪಾಳ್ಯದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಇದರ ಹಿಂದೆ ದೊಡ್ಡ ಕಥೆಯಿದೆ, ಸ್ವಲ್ಪ ಹೇಳಲೇಬೇಕು. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ತುರ್ಕರಿಂದ ಕಸಿದುಕೊಂಡವರು ಜೋಧಪುರದ ಮತ್ತು ನಮ್ಮ ಮೈಸೂರಿನ ಕುದುರೆ ಸವಾರರು. ಎದುರಿಗೆ ಮಷಿನ್‌ಗನ್, ಇವರ ಕೈಯಲ್ಲಿ ಭರ್ಜಿ, ಕತ್ತಿ. ಜೋಧಪುರದವರು ಕೆಳಗಿನಿಂದ ನುಗ್ಗಿದರು, ಅವರ ನಾಯಕ ಮೇಜರ್ ದಳಪತ್ ಸಿಂಗ್ ಸತ್ತರು. ಮೈಸೂರಿನ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ತೋಪುಗಳ ಮೇಲೆ ಬಿತ್ತು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಕಂಚಿನ ಸವಾರರಲ್ಲಿ ಒಬ್ಬ ಮೈಸೂರಿನವನು, ಇನ್ನಿಬ್ಬರು ಹೈದರಾಬಾದ್ ಮತ್ತು ಜೋಧಪುರದವರು. ಆ ಸವಾರರ ಪರಂಪರೆ ಇವತ್ತಿನ 61ನೇ ಕ್ಯಾವಲ್ರಿಯಲ್ಲಿ ಮುಂದುವರಿದಿದೆ, ಅವರು ಈಗಲೂ ಸೆಪ್ಟೆಂಬರ್ 23ನ್ನು ಮರೆಯುವುದಿಲ್ಲ. ನಾವು ಮರೆತಿದ್ದೇವೆ ಎಂದು ಬೈಯಲು ಇದನ್ನು ಹೇಳಲಿಲ್ಲ. ಇಂಥ ಕಲ್ಲಿನ ಮುಂದೆ ಹೋದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಸವಾರ ಬದುಕಿ ಊರಿಗೆ ವಾಪಸು ಬಂದಿದ್ದರೆ ಏನಾಗುತ್ತಿದ್ದ?

ಏಕೆಂದರೆ ಹೆಚ್ಚಿನವರು ಬದುಕಿ ವಾಪಸು ಬರುತ್ತಾರೆ. ಸತ್ತವರ ಲೆಕ್ಕ ನಮಗೆ ಚೆನ್ನಾಗಿ ಬರುತ್ತದೆ, ಬದುಕಿದವರದೇ ಬರುವುದಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಇದ್ದು ಹೊರಬಂದ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ದೇಶ ದೇವರಿಗೆ ಹರಕೆ ಹೊತ್ತಿತು. ಅದು ನಿಜವಾದ ಪ್ರೀತಿಯೇ. ಆದರೆ ಅದೇ ಹಿಮದ ಮೇಲೆ ಪಾಳಿ ಮುಗಿಸಿ, ಹದಿನೇಳು ವರ್ಷ ಸೇವೆ ಮುಗಿಸಿ, ಮೂವತ್ತೇಳನೇ ವಯಸ್ಸಿಗೆ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಸಿಪಾಯಿಯನ್ನು ಯಾರೂ ನೋಡುವುದಿಲ್ಲ. ಸರ್ಕಾರಿ ಗುಮಾಸ್ತನಿಗೆ ಅರವತ್ತಕ್ಕೆ ನಿವೃತ್ತಿ. ಇವನಿಗೆ ಆ ಹೊತ್ತಿಗೆ ಮಗಳು ಐದನೇ ತರಗತಿ. ಎರಡನೇ ನೌಕರಿ ಹುಡುಕಲೇಬೇಕು. ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರೆಲ್ ಬಂದೂಕು ಹಿಡಿದು, ನೀವು ಕೇಳಿದಾಗ ಚಲನ್ ಎಲ್ಲಿದೆ ಎಂದು ತೋರಿಸುವವನು ಅವನೇ. ಅವನಿಗೆ ‘ಏಯ್ ವಾಚ್‌ಮನ್’ ಎನ್ನಬೇಡಿ. ಸಾಹೇಬರೇ ಎನ್ನಿ, ಅಣ್ಣ ಎನ್ನಿ, ಯಾವ ರೆಜಿಮೆಂಟು ಎಂದು ಕೇಳಿ. ಅಷ್ಟು ಕೇಳಿದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ನಾನು ಕಂಡಿದ್ದೇನೆ.

ಇನ್ನು ಪಿಂಚಣಿಯೇ ಇಲ್ಲದವರು. ಸಿಪಾಯಿಗೆ ಪಿಂಚಣಿ ಸಿಗಲು ಹದಿನೈದು ವರ್ಷ ಸೇವೆ ಆಗಿರಬೇಕು. ಅದಕ್ಕೆ ಮುಂಚೆ ಮನೆಯ ತಾಪತ್ರಯಕ್ಕೋ ಇನ್ನಾವುದಕ್ಕೋ ಬಿಟ್ಟುಬಂದವರಿಗೆ ಇಲ್ಲ. ಎರಡನೇ ಮಹಾಯುದ್ಧದಲ್ಲಿ 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು, ಯುದ್ಧ ಮುಗಿದೊಡನೆ ಹೆಚ್ಚಿನವರನ್ನು ಮನೆಗೆ ಕಳಿಸಿದರು, ಪಿಂಚಣಿ ಇಲ್ಲದೆ. ಅವರಲ್ಲಿ ಈಗ ಉಳಿದವರು ಬೆರಳೆಣಿಕೆ, ಅವರ ಹೆಂಡಂದಿರು ಅಲ್ಲಲ್ಲಿ ಇದ್ದಾರೆ. ಮುಂದೆ ಇನ್ನೊಂದು ಬಗೆಯವರು ಬರುತ್ತಾರೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರಿಗೆ ನಾಲ್ಕು ವರ್ಷದ ಸೇವೆ, ಆಮೇಲೆ ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬನಿಗೆ ಮುಂದುವರಿಕೆ. ಉಳಿದವರು ನಿಮ್ಮ ವಯಸ್ಸಿನವರಾಗೇ ವಾಪಸು ಬರುತ್ತಾರೆ, ಒಂದು ಗಂಟು ಹಣದೊಡನೆ, ಪಿಂಚಣಿಯಿಲ್ಲದೆ. ಯೋಜನೆ ಸರಿಯೋ ತಪ್ಪೋ ಎಂಬ ವಾದವನ್ನು ನೀವು ಕಟ್ಟೆಯ ಮೇಲೆ ಕೂತು ಮಾಡಿ, ನನ್ನ ಅಭಿಪ್ರಾಯ ನನಗಿದೆ. ಆದರೆ ಬಂದ ಹುಡುಗನನ್ನು ‘ಸೆಲೆಕ್ಟ್ ಆಗದೆ ವಾಪಸ್ ಬಂದವನು’ ಎಂದು ಊರಿನಲ್ಲಿ ಕರೆಯುವುದು ನನ್ನ ಕಿವಿಗೆ ಬಿದ್ದರೆ ಸುಮ್ಮನಿರುವವನಲ್ಲ ನಾನು.

ಈಗ ಕಾಗದದ ವಿಚಾರ. ನೀವು ಮಾಡಬಹುದಾದ ಸನ್ಮಾನ ಇಲ್ಲಿದೆ.

ಪಕ್ಕದ ಹಳ್ಳಿಯ ಒಬ್ಬ ತಾಯಿ. ಗಂಡ ನಾಯಕ್ ಆಗಿ ನಿವೃತ್ತನಾಗಿ, ಪಿಂಚಣಿ ತಿನ್ನುತ್ತಾ, ಒಂದು ಮಳೆಗಾಲ ತೀರಿಕೊಂಡ. ಕುಟುಂಬ ಪಿಂಚಣಿಗೆ ಬ್ಯಾಂಕಿಗೆ ಹೋದರೆ ಹೆಸರು ತಾಳೆಯಾಗುವುದಿಲ್ಲ ಎಂದರು. ಮದುವೆಯಾದಾಗ ಗಂಡ ರಜೆ ಮುಗಿಸಿ ಯೂನಿಟ್ಟಿಗೆ ಹೋಗಿ ಹೆಂಡತಿಯ ಹೆಸರು ಬರೆಸಿದ್ದ. ಅದನ್ನು ನಾವು ಪಾರ್ಟ್ ಟು ಆರ್ಡರ್ ಎನ್ನುತ್ತೇವೆ, ಮದುವೆ, ಮಗು ಹುಟ್ಟಿದ್ದು ಎಲ್ಲ ಅದರಲ್ಲಿ ದಾಖಲಾಗಬೇಕು. ಅಲ್ಲಿಯ ಕ್ಲರ್ಕ್ ಬಿಹಾರದವನೋ ಪಂಜಾಬಿನವನೋ, ‘ಅವ್ವ’ ಎಂದು ಕೊನೆಯಾಗುವ ಹೆಸರು ಅವನ ಬಾಯಿಗೆ ಹೊಸದು. ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದ. ಇತ್ತ ಆಧಾರ್ ಮಾಡಿಸುವಾಗ ಇಲ್ಲಿಯ ಹುಡುಗ ‘ಅವ್ವ’ ತೆಗೆದು ‘ಬಾಯಿ’ ಮಾಡಿದ, ಹುಟ್ಟಿದ ದಿನ ಕೇಳಿದ್ದಕ್ಕೆ ಆಕೆ ಕಾರಹುಣ್ಣಿಮೆ ಎಂದಳು, ಅವನು ಜನವರಿ 1 ಎಂದು ಒತ್ತಿದ. ನಲವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಹೆಂಗಸು ಕಾಗದದಲ್ಲಿ ಇಬ್ಬರಾದಳು. ಗಂಡನ ಡಿಸ್ಚಾರ್ಜ್ ಪುಸ್ತಕ ಅಕ್ಕಿ ಡಬ್ಬದಡಿ ಇತ್ತು, ಅಂಚು ಗೆದ್ದಲು ತಿಂದಿತ್ತು, ಆದರೆ ಕುಟುಂಬದ ವಿವರ ಇದ್ದ ಪುಟ ಉಳಿದಿತ್ತು. ಆ ಪುಟ, ಪಿಪಿಓ ಎಂಬ ಪಿಂಚಣಿ ಆದೇಶಪತ್ರ, ಮರಣ ಪ್ರಮಾಣಪತ್ರ, ಇಬ್ಬರೂ ಒಬ್ಬಳೇ ಎಂಬ ಅಫಿಡವಿಟ್, ಎಲ್ಲ ಸೇರಿಸಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಹೋಗಬೇಕು, ಆಮೇಲೆ ತಿದ್ದುಪಡಿಯ ಪಿಪಿಓ ಬರಬೇಕು. ನನ್ನ ಕಣ್ಣು ಈಗ ಸ್ಕ್ರೀನ್ ಮೇಲೆ ನಿಲ್ಲುವುದಿಲ್ಲ. ಅದನ್ನೆಲ್ಲ ಸ್ಕ್ಯಾನ್ ಮಾಡಿ, ಟೈಪ್ ಮಾಡಿ, ಪ್ರತಿ ವಾರ ಎಲ್ಲಿಗೆ ಬಂತು ಎಂದು ನೋಡಿ ಹೇಳಿದವಳು ಆ ಊರಿನ ಪಿಯುಸಿ ಓದುವ ಹುಡುಗಿ. ಪಿಂಚಣಿ ಬಂದ ತಿಂಗಳು ಆ ತಾಯಿ ಅವಳಿಗೆ ಒಂದು ಕುಬಸದ ಕಣ ಕೊಟ್ಟಳು. ಆ ಹುಡುಗಿಗೆ ಫ್ಲೆಕ್ಸ್ ಹಾಕಿಸಿ ಬೇಕಾದರೆ, ನಾನು ಚಂದಾ ಕೊಡುತ್ತೇನೆ.

ಹೀಗೇ ಜೀವನ ಪ್ರಮಾಣಪತ್ರ. ನವೆಂಬರ್ ಬಂತೆಂದರೆ ಬದುಕಿದ್ದೇನೆ ಎಂದು ತೋರಿಸಬೇಕು. ಈಗ ಎಲ್ಲವೂ ಸ್ಪರ್ಶ್ ಎಂಬ ಪೋರ್ಟಲ್‌ಗೆ ಹೋಗಿದೆ, ಪಾಸ್‌ವರ್ಡ್, ಒಟಿಪಿ. ಎಪ್ಪತ್ತೈದರ ಸುಬೇದಾರ್ ಹೊಲ ಉತ್ತು ಉತ್ತು ಹೆಬ್ಬೆರಳಿನ ಗೆರೆ ಅಳಿಸಿಕೊಂಡಿದ್ದಾನೆ, ಯಂತ್ರ ಅವನನ್ನು ಒಪ್ಪುವುದಿಲ್ಲ. ಮುಖ ತೋರಿಸಿ ಮಾಡುವ ಆ್ಯಪ್ ಇದೆ, ನಿಮ್ಮ ಫೋನಿನಲ್ಲೇ ಆಗುತ್ತದೆ, ಹತ್ತು ನಿಮಿಷ. ಈ ಹತ್ತು ನಿಮಿಷಕ್ಕಾಗಿ ಅವನು ಎರಡು ಬಸ್ಸು ಬದಲಿಸಿ ಜಿಲ್ಲಾ ಕೇಂದ್ರಕ್ಕೆ ಹೋಗುತ್ತಾನೆ. ಪಿಂಚಣಿಯಿಲ್ಲದೆ ಅರವತ್ತೈದು ದಾಟಿದ, ಹವಾಲ್ದಾರ್ ಹುದ್ದೆಯವರೆಗಿನ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಧ್ವಜ ದಿನದ ನಿಧಿಯಿಂದ ತಿಂಗಳ ಸಹಾಯಧನ ಇದೆ. ಮಕ್ಕಳ ಓದಿಗೆ, ಮಗಳ ಮದುವೆಗೆ ಇದೆ. ನೀವು ಶಾಲೆಯಲ್ಲಿ ಹಾಕಿದ ಆ ನಾಣ್ಯ ಹೋಗುವುದು ಅಲ್ಲಿಗೇ. ಇದು ಇದೆಯೆಂದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗೊತ್ತಿದ್ದವರು ಅರ್ಜಿ ನೋಡಿ ಹೆದರುತ್ತಾರೆ. ಗುಂಡಿಗೆ ಹೆದರದವರು ಅರ್ಜಿಗೆ ಹೆದರುತ್ತಾರೆ ಎಂದರೆ ನಗಬೇಡಿ, ನಾನು ಎರಡನ್ನೂ ನೋಡಿದವನು.

ಮಾತನಾಡಿಸುವ ರೀತಿಯ ಬಗ್ಗೆಯೂ ಒಂದೆರಡು ಹೇಳಿಬಿಡುತ್ತೇನೆ. ಎಷ್ಟು ಜನರನ್ನು ಕೊಂದಿರಿ ಎಂದು ಯಾವ ಸೈನಿಕನನ್ನೂ ಕೇಳಬೇಡಿ. ಕೊಂದವನು ಹೇಳುವುದಿಲ್ಲ, ಹೇಳುವವನು ಕೊಂದಿರುವುದಿಲ್ಲ. ಎಲ್ಲರೂ ಗಡಿಯಲ್ಲಿ ನಿಂತವರೇ ಆಗಿರಬೇಕೆಂದೂ ಬಯಸಬೇಡಿ. ಅಡುಗೆ ಮಾಡಿದವನಿದ್ದಾನೆ, ಲಾರಿ ಓಡಿಸಿದವನಿದ್ದಾನೆ, ಕ್ಷೌರ ಮಾಡಿದವನಿದ್ದಾನೆ, ನನ್ನಂಥವನೂ ಇದ್ದಾನೆ. ವೇದಿಕೆಯ ಮೇಲೆ ಅವರಿಂದ ಶೌರ್ಯದ ಕಥೆ ಹೇಳಿಸಲು ಹೋಗಿ ಸುಳ್ಳು ಹೇಳಿಸಬೇಡಿ. ಯಾವ ಪಕ್ಷದ ಮುಖಂಡನ ಪಕ್ಕಕ್ಕೂ ಅವರನ್ನು ಕೂರಿಸಿ ಫೋಟೊ ತೆಗೆಸಬೇಡಿ. ಸೇವೆಯಲ್ಲಿದ್ದಷ್ಟು ಕಾಲ ರಾಜಕೀಯದಿಂದ ದೂರವಿರು ಎಂದು ಕಲಿತ ಜನ ನಾವು, ಕಾರ್ಯಪ್ಪನವರಂತೂ ಅದನ್ನು ಬಹಳ ಒತ್ತಿ ಹೇಳುತ್ತಿದ್ದರು. ಇನ್ನು ಯುದ್ಧವೇ ಬೇಡ ಎನ್ನುವ ಮಾಜಿ ಸೈನಿಕ ಸಿಕ್ಕರೆ ಗಾಬರಿಯಾಗಬೇಡಿ, ಅವನಷ್ಟು ಅಧಿಕಾರದಿಂದ ಆ ಮಾತು ಹೇಳಬಲ್ಲವನು ನಿಮಗೆ ವಾಟ್ಸ್ಆ್ಯಪಿನಲ್ಲಿ ಸಿಗುವುದಿಲ್ಲ.

ಶಾಲು ಬೇಡವೇ? ಬೇಡ ಎನ್ನುವಷ್ಟು ಗರ್ವ ನನಗಿಲ್ಲ. ಹೆಸರು ಹಿಡಿದು ಕರೆದು, ಊರ ಮುಂದೆ ನಿಲ್ಲಿಸಿ, ಚಪ್ಪಾಳೆ ತಟ್ಟಿದರೆ ಯಾವ ಮುದುಕನಿಗೆ ಖುಷಿಯಾಗುವುದಿಲ್ಲ? ಮಾಡಿ. ಕಲ್ಲೂ ಬೇಕು. ಫ್ಲೆಕ್ಸಿನ ದುಡ್ಡು ಮಾತ್ರ ಉಳಿಸಿ. ಆ ದುಡ್ಡಿನಲ್ಲಿ ಒಂದು ದೊಡ್ಡ ದಾಖಲೆ ಪುಸ್ತಕ, ಇಪ್ಪತ್ತು ಪ್ಲಾಸ್ಟಿಕ್ ಫೈಲು ತನ್ನಿ. ಸಂಕ್ರಾಂತಿಗೆ ಇನ್ನೂ ಸಮಯವಿದೆ. ನಮ್ಮೂರು, ಸುತ್ತಲಿನ ಹಳ್ಳಿಗಳಲ್ಲಿ ಯಾರು ಯಾರು ಸೈನ್ಯದಲ್ಲಿದ್ದರು, ಯಾವ ರೆಜಿಮೆಂಟು, ಯಾವ ನಂಬರು, ಹೆಂಡತಿಯ ಹೆಸರು ಪಿಪಿಓದಲ್ಲಿ ಹೇಗಿದೆ, ಆಧಾರ್‌ನಲ್ಲಿ ಹೇಗಿದೆ, ಚಿಕಿತ್ಸೆಗೆ ಬೇಕಾದ ಇಸಿಎಚ್‌ಎಸ್ ಕಾರ್ಡ್ ಇದೆಯೇ ಇಲ್ಲವೇ, ಮನೆಮನೆಗೆ ಹೋಗಿ ಬರೆದುಕೊಳ್ಳಿ. ಗಂಡ ಬದುಕಿರುವಾಗಲೇ ಹೆಸರು ತಿದ್ದಿಸುವುದು ಸುಲಭ, ಸತ್ತ ಮೇಲೆ ಕಷ್ಟ. ತಿದ್ದಬೇಕಾದದ್ದು ಸಿಕ್ಕರೆ ಫೈಲು ಮಾಡಿ ನನ್ನ ಹತ್ತಿರ ತನ್ನಿ, ಯಾವ ಕಾಗದ ಎಲ್ಲಿಗೆ ಎಂದು ನಾನು ಹೇಳುತ್ತೇನೆ, ಓಡಾಟ ನಿಮ್ಮದು.

ಡಿಸೆಂಬರ್ 7ಕ್ಕೆ ಧ್ವಜದ ಡಬ್ಬಿ ಬಂದರೆ ಹಾಕಿ, ರಶೀದಿ ಕೇಳಿ ತೆಗೆದುಕೊಳ್ಳಿ. ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ಮೊದಲ ಫೈಲು ಹಿಡಿದುಕೊಂಡು ಬನ್ನಿ.